ಒಂದೂಕಾಲು ರೂಪಾಯಿಯ ಸಾಲ

ಅವ್ವನ ತಿಥಿ ಮುಗಿದ ಮಾರನೇ ದಿನ ದೇವರ ಗೂಡು ಒರೆಸುತ್ತಿದ್ದೆ. ಫೋಟೋಗಳ ಹಿಂದೆ ಒಂದು ತಗಡಿನ ಡಬ್ಬ ಸಿಕ್ಕಿತು. ಯಾವುದೋ ಕಾಲದ ಬೋರ್ನ್‌ವಿಟಾ ಡಬ್ಬ, ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಮಚದ ಹಿಡಿಯಲ್ಲಿ ಮೀಟಿ ತೆಗೆದೆ. ಒಳಗೆ ಅರಿಶಿನದ ಬಟ್ಟೆಯ ಪುಟ್ಟ ಗಂಟುಗಳು, ಒಂದೊಂದೂ ಅಡಕೆಯಷ್ಟು ದಪ್ಪ. ಎಣಿಸಿದರೆ ಒಂಬತ್ತು. ಅವುಗಳ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬರೀ ನಾಲ್ಕಾಣೆ ಬಿಲ್ಲೆಗಳು.

"ಅವ್ವ ಚಿಲ್ರೆ ಕೂಡಿಟ್ಟವ್ಳೆ ನೋಡು" ಅಂತ ಅಣ್ಣ ಕೈ ಹಾಕಿದ. ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕವ್ವ ಅವನ ಕೈಗೆ ಫಟ್ ಅಂತ ಕೊಟ್ಟಳು.

"ಮುಟ್ಬ್ಯಾಡ ಕಣ್ಲಾ. ಮುಡ್ಪು ಅವು. ನಿಮ್ಮವ್ವ ದೇವ್ರಿಗೆ ತೀರಿಸ್ಬೇಕಾಗಿದ್ದ ಸಾಲ."

ಹರಕೆ ಹೊತ್ತಾಗ ಒಂದೂಕಾಲು ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಡುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಅಂದುಕೊಂಡಿದ್ದು ಆದಮೇಲೆ ಆ ದೇವರ ಜಾಗಕ್ಕೇ ಹೋಗಿ ಹುಂಡಿಗೆ ಹಾಕಬೇಕು. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ಆದರೆ ತೀರಿಸದೆ ಉಳಿದದ್ದು ಒಂಬತ್ತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ನಾಲ್ಕಾಣೆಯ ಕಥೆ ಮಾತ್ರ ನನಗೆ ಗೊತ್ತಿತ್ತು. 2011ರ ಜೂನ್ ಕೊನೆಗೆ ಸರ್ಕಾರ ಇಪ್ಪತ್ತೈದು ಪೈಸೆಯನ್ನು ಚಲಾವಣೆಯಿಂದ ತೆಗೆದಾಗ ನಮ್ಮೂರಲ್ಲಿ ತಲೆಕೆಡಿಸಿಕೊಂಡ ಒಬ್ಬಳೇ ಹೆಂಗಸು ನಮ್ಮವ್ವ. ಒಂದೂಕಾಲು ಕಟ್ಟೋಕೆ ಕಾಲು ಎಲ್ಲಿಂದ ತರೋದು? ಅಂಗಡಿ ಅಂಗಡಿ ತಿರುಗಿ, ಡ್ರಾಯರ್ ಮೂಲೆಯಲ್ಲಿ ಬಿದ್ದಿದ್ದ ನಾಲ್ಕಾಣೆಗಳನ್ನೆಲ್ಲ ಒಂದೊಂದು ರೂಪಾಯಿ ಕೊಟ್ಟು ಕೊಂಡುಕೊಂಡು ಬಂದಳು. ನಮ್ಮ ಮನೆಯವರು, "ಅತ್ತೆ, ಇದು ನಡೆಯೋ ದುಡ್ಡಲ್ಲ, ಹುಂಡಿಗೆ ಹಾಕಿದರೂ ಎಣಿಸೋರು ಎತ್ತಿ ಪಕ್ಕಕ್ಕೆ ಇಡ್ತಾರೆ" ಅಂದರು. ಅವ್ವ ಹೇಳಿದ್ದು, "ಗೌರ್ಮೆಂಟಿಗೆ ಬ್ಯಾಡ್ದೆ ಇದ್ರೆ ದೇವ್ರಿಗೂ ಬ್ಯಾಡ್ವಾ?"

ಅವ್ವ ಹುಟ್ಟಿದ ತಾರೀಕು ಯಾರಿಗೂ ಗೊತ್ತಿಲ್ಲ. ಆಧಾರ್‌ನಲ್ಲಿ ಜನವರಿ 1 ಅಂತ ಇದೆ. ನಮ್ಮೂರ ಅರ್ಧ ಮುದುಕಿಯರು ಅದೇ ದಿನ ಹುಟ್ಟಿದವರು. ಊರು ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ದಾರಿಯಲ್ಲಿದೆ. ಅಪ್ಪ 1991ರಲ್ಲಿ ಹೋದ. ಆಗ ಅಣ್ಣನಿಗೆ ಹದಿನೇಳು, ನನಗೆ ಹದಿನಾಲ್ಕು, ತಮ್ಮನಿಗೆ ಎಂಟು. ವಿಶ್ವೇಶ್ವರಯ್ಯ ನಾಲೆ ಬಯಲಲ್ಲಿ ಎರಡು ಎಕರೆ ಗದ್ದೆ ಇತ್ತು, ಒಂದು ಹಸು ಇತ್ತು. ಭತ್ತ, ಕಬ್ಬು, ಮಧ್ಯೆ ಕೆಲವು ವರ್ಷ ರೇಷ್ಮೆ ಹುಳ. ಅಷ್ಟರಲ್ಲೇ ಮೂವರನ್ನೂ ಓದಿಸಿದಳು. ಅಣ್ಣ ಓದಲಿಲ್ಲ ಅನ್ನೋದು ಬೇರೆ ಮಾತು.

ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಅಂಗಳಕ್ಕೆ ಸಗಣಿ ನೀರು ಹಾಕಿ, ರಂಗೋಲಿ ಬಿಟ್ಟು, ಮಿಂದು ದೀಪ ಹಚ್ಚದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಸೋಮವಾರ ನಂಜುಂಡನಿಗೆ ಒಪ್ಪೊತ್ತು, ಶನಿವಾರ ತಿಮ್ಮಪ್ಪನಿಗೆ. ಮಂತ್ರ, ಶ್ಲೋಕ ಒಂದೂ ಬರುತ್ತಿರಲಿಲ್ಲ. ದೇವರ ಜೊತೆ ಅವಳದು ನೇರ ಮಾತು, ಅದೂ ಏಕವಚನದಲ್ಲಿ. "ಏನಪ್ಪಾ ಮಾದಪ್ಪ, ಕೇಳಿಸ್ತಾ ಇಲ್ವಾ ನಿಂಗೆ" ಅಂತ ಗೂಡಿನ ಮುಂದೆ ನಿಂತು ಗದರಿಸುತ್ತಿದ್ದುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಸಂಜೆ ದೀಪ ಹಚ್ಚಿ, ಸರಿಯಾಗಿ ಏಳು ಗಂಟೆಗೆ ಮೈಸೂರಿಗೆ ಫೋನ್. ನನ್ನ ಜೊತೆ ಎರಡು ನಿಮಿಷ. ಊಟ ಆಯ್ತಾ, ಮಳೆ ಬಂತಾ, ಸರಿ ಫೋನು ಮಗೀಗೆ ಕೊಡು. ಮಗಳ ಜೊತೆ ಅರ್ಧ ಗಂಟೆ. ಅವರಿಬ್ಬರೂ ಏನು ಮಾತಾಡುತ್ತಾರೆ ಅಂತ ನಾನು ಯಾವತ್ತೂ ಕೇಳಿದವಳಲ್ಲ. ಕೇಳಬೇಕಿತ್ತು ಅಂತ ಆಮೇಲೆ ಅನ್ನಿಸಿತು, ಅದನ್ನು ಮುಂದೆ ಹೇಳುತ್ತೇನೆ.

2023ರ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ರಂಗೋಲಿ ಡಬ್ಬ ಹಿಡಿದುಕೊಂಡೇ ಜಗುಲಿಗೆ ಒರಗಿದವಳು ಏಳಲಿಲ್ಲ. ಅಷ್ಟೇ. ಗದ್ದೆಯ ಬದಿಯಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ಮೂರನೇ ದಿನ ಹಾಲು ತುಪ್ಪ, ಹನ್ನೊಂದಕ್ಕೆ ತಿಥಿ, ಊರಿಗೆಲ್ಲ ಊಟ. ಅದೆಲ್ಲ ಎಲ್ಲರ ಮನೆಯಲ್ಲೂ ನಡೆಯುವ ಹಾಗೇ ನಡೆಯಿತು.

ಆ ಡಬ್ಬ ಏನು ಮಾಡೋದು ಅನ್ನೋದಕ್ಕೆ ಅವತ್ತು ಪಂಚಾಯ್ತಿಯೇ ಆಯಿತು. ಅಣ್ಣ, "ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಟ್ಬುಡಾನ" ಅಂದ. ಊರ ದೇವಸ್ಥಾನದ ಪೂಜಾರಪ್ಪ, "ಒಂದೇ ಹುಂಡಿಗೆ ಹಾಕಿ ತಪ್ಪುಕಾಣಿಕೆ ಅಂತ ಸೇರಿಸಿ, ಸಾಕು" ಅಂತ ಸುಲಭದ ದಾರಿ ತೋರಿಸಿದರು. ಅಣ್ಣನ ಮಗ ಇನ್ನೂ ಸುಲಭ ಮಾಡಿದ. "ಅತ್ತೆ, ಈಗ ದೊಡ್ಡ ದೇವಸ್ಥಾನದಲ್ಲೆಲ್ಲಾ ಇ-ಹುಂಡಿ ಇದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೂರ್ನೂರು ಹಾಕಿದ್ರೆ ಆಯ್ತು." ಚಿಕ್ಕವ್ವ ಮೊರದಲ್ಲಿದ್ದ ಅವರೆಕಾಯಿ ಕೆಳಗಿಟ್ಟಳು.

"ನಿಮ್ಮಜ್ಜಿ ಫೋನಲ್ಲಿ ಕಟ್ಟಿದ್ಲಾ ಹರಕೆನ? ಕೈಯಾರ ಗಂಟು ಹಾಕವ್ಳೆ. ಯಾವ ದೇವ್ರ ಸಾಲ ಆ ದೇವ್ರಿಗೇ ಹೋಗ್ಬೇಕು. ಹೊತ್ತೋಳು ಹೋದ್ಲು ಅಂದ್ರೆ ಮಕ್ಕ ತೀರಿಸ್ಬೇಕು."

ಅದೂ ತಕ್ಷಣ ಅಲ್ಲ. ತಾಯಿ ಹೋದ ವರ್ಷ ಮಕ್ಕಳು ಬೆಟ್ಟ ಹತ್ತೋ ಹಾಗಿಲ್ಲ, ಹರಕೆ ಒಪ್ಪಿಸೋ ಹಾಗಿಲ್ಲ ಅನ್ನೋದು ನಮ್ಮ ಮನೆಯ ಲೆಕ್ಕ. ಡಬ್ಬವನ್ನು ಮತ್ತೆ ಗೂಡಿಗೇ ಇಟ್ಟೆವು. 2024ರ ಡಿಸೆಂಬರ್‌ನಲ್ಲಿ ವರ್ಷದ ಎಡೆ ಇಟ್ಟ ಮೇಲೇ ಅದನ್ನು ಕೆಳಗಿಳಿಸಿದ್ದು.

ನಿಜವಾದ ಕಷ್ಟ ಶುರುವಾಗಿದ್ದು ಆಗ. ಯಾವ ಗಂಟು ಯಾವ ದೇವರದು? ಮುಡಿಪು ಬಿಚ್ಚಬಾರದು ಅಂತಾರೆ. ಚಿಕ್ಕವ್ವ ದೀಪ ಹಚ್ಚಿ, ಕೈ ಮುಗಿದು, "ತಿಳ್ಕಳಕ್ಕೆ ಬಿಚ್ತಾ ಇದೀವಿ, ಒಟ್ಟೇಗೆ ಹಾಕ್ಕಬ್ಯಾಡಿ" ಅಂತ ಎಲ್ಲ ದೇವರಿಗೂ ಒಟ್ಟಿಗೇ ಹೇಳಿ, ಮೊದಲ ಗಂಟಿಗೆ ಉಗುರು ಹಾಕಿದಳು.

ಒಳಗೆ ಒಂದು ರೂಪಾಯಿ, ಒಂದು ನಾಲ್ಕಾಣೆ, ಒಣಗಿ ಪುಡಿಯಾದ ಬಿಲ್ವಪತ್ರೆ. ಜೊತೆಗೆ ನಾಲ್ಕು ಮಡಿಕೆ ಮಾಡಿದ ಚಿಕ್ಕ ಕಾಗದ. ಬಿಡಿಸಿದರೆ ದಿನಕ್ಕೊಂದು ಹಾಳೆ ಹರಿಯುತ್ತೀವಲ್ಲ, ಆ ಕ್ಯಾಲೆಂಡರಿನ ಹಾಳೆ.

ಅವ್ವನಿಗೆ ಓದು ಬರುತ್ತಿರಲಿಲ್ಲ. ಹರಕೆ ಹೊತ್ತ ದಿನದ ಹಾಳೆಯನ್ನೇ ಹರಿದು ಗಂಟಿನೊಳಗೆ ಸೇರಿಸಿಬಿಟ್ಟಿದ್ದಳು. ದೇವರ ಗುರುತಿಗೆ ಎಲೆ. ಬಿಲ್ವ ಇದ್ದರೆ ನಂಜನಗೂಡು. ವಿಭೂತಿ ಉಂಡೆಯ ಚೂರು ಇದ್ದರೆ ಮಾದಪ್ಪನ ಬೆಟ್ಟ. ಎಕ್ಕದ ಎಲೆ ಇದ್ದರೆ ಮುತ್ತತ್ತಿಯ ಆಂಜನೇಯ. ಹಸಿರು ಬಳೆಯ ಚೂರು ಗಂಜಾಂನ ನಿಮಿಷಾಂಬ. ಕಪ್ಪು ದಾರ ಚುಂಚನಗಿರಿಯ ಭೈರವ, ಅದು ನಮ್ಮ ಮನೆದೇವರು. ಕುಂಕುಮದ ಪೊಟ್ಟಣ ಚಾಮುಂಡಿ. ತುಳಸಿ ಮಾತ್ರ ಎರಡರಲ್ಲಿ ಸಿಕ್ಕಿ ಗೊಂದಲ ಆಯಿತು. ಎರಡು ಸುತ್ತು ಗಂಟು ಹಾಕಿದ್ದು ತಿರುಪತಿದು, ಒಂದೇ ಗಂಟಿನದು ಮೇಲುಕೋಟೆ ಬೆಟ್ಟದ ಯೋಗಾನರಸಿಂಹನದು ಅಂತ ಚಿಕ್ಕವ್ವ ತೀರ್ಮಾನ ಕೊಟ್ಟಳು. ಹೇಗೆ ಗೊತ್ತಾಯ್ತು ಅಂದರೆ, "ದೂರದ ದೇವ್ರಿಗೆ ಗಂಟು ಬಿಗಿ ಇರ್ಬೇಕಲ್ವಾ" ಅಂದಳು. ಇದು ಅಕ್ಕತಂಗಿಯರ ಲಿಪಿ. ಅವಳೂ ಹೋಗಿದ್ದರೆ ಓದೋರೇ ಇರುತ್ತಿರಲಿಲ್ಲ.

ಬೆಂಗಳೂರಿಂದ ಬಂದಿದ್ದ ತಮ್ಮ ಸುಮ್ನೆ ಕೂರಲಾರದೆ ದುಡ್ಡು ಕೂಡಿಸಿದ. ತಿಮ್ಮಪ್ಪನ ಗಂಟಿನಲ್ಲಿ ಹನ್ನೊಂದೂಕಾಲು, ಉಳಿದ ಎಂಟರಲ್ಲಿ ಒಂದೂಕಾಲು. ಒಟ್ಟು ಇಪ್ಪತ್ತೊಂದೂಕಾಲು ರೂಪಾಯಿ. "ನೋಡ್ದಾ, ಲೆಕ್ಕ ಸರ್ಯಾಗೇ ಅದೆ" ಅಂದಳು ಚಿಕ್ಕವ್ವ, ಅಕ್ಕ ಕೂಡಿಸಿಯೇ ಕಟ್ಟಿದ್ದಾಳೆ ಅನ್ನೋ ಹಾಗೆ.

ಹಾಳೆಗಳನ್ನು ಸಾಲಾಗಿ ಜೋಡಿಸಿ ಕೂತಾಗ ನಗು ಮೊದಲು ಬಂತು. 1999ರ ಮೇ ತಿಂಗಳ ಹಾಳೆ ನೋಡಿ ತಮ್ಮ ಮುಖ ಆ ಕಡೆ ಮಾಡಿದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದು ಮನೆ ಬಿಟ್ಟು ಓಡಿಹೋಗಿದ್ದ. ಎರಡು ದಿನ ಆದಮೇಲೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಅವನು ಸಂಬಳ ತರೋ ಹಾಗಾದ ಮೇಲೆ ಅವನ ಕೈಯಲ್ಲೇ ಹಾಕಿಸಿ, ಮುಡಿ ಕೊಡಿಸ್ತೀನಿ ಅಂತ ಹರಕೆ. ವರ್ಷಾ ವರ್ಷಾ ಅವ್ವ ಹೇಳೋಳು, ಇವನು ರಜೆ ಇಲ್ಲ ಅನ್ನೋನು. ಈಗ ಕೊಡೋಣ ಅಂದರೆ ತಲೆಯಲ್ಲಿ ಕೂದಲೇ ಉಳಿದಿಲ್ಲ. ನರಸಿಂಹನ ಗಂಟು ಯಾರಿಗೋಸ್ಕರ ಅಂತ ತಲೆ ಕೆರೆದುಕೊಂಡೆವು. ಅತ್ತಿಗೆಗೆ ನೆನಪಾಯಿತು. ಆ ತಿಂಗಳು ಸೀಮೆಹಸು ಕರು ಹಾಕಲಾರದೆ ಒಂದು ರಾತ್ರಿ ಪೂರ್ತಿ ಒದ್ದಾಡಿತ್ತು. ಹಸುವಿಗೂ ಒಂದೂಕಾಲು, ಮಕ್ಕಳಿಗೂ ಒಂದೂಕಾಲು. ಭೇದ ಇಲ್ಲ. ಮಾದಪ್ಪನದು ಬೋರ್‌ವೆಲ್‌ನಲ್ಲಿ ನೀರು ಬಂದಿದ್ದಕ್ಕೆ, ನಿಮಿಷಾಂಬನದು ಅಣ್ಣನ ಮಗಳ ಮದುವೆಗೆ, ಭೈರವನದು ದಾಯಾದಿಗಳ ಜೊತೆಗಿದ್ದ ಬದುವಿನ ತಗಾದೆಗೆ.

ಎಕ್ಕದ ಎಲೆಯ ಗಂಟಿನಲ್ಲಿದ್ದುದು 2009ರ ಹಾಳೆ. ಯಾರೂ ಮಾತಾಡಲಿಲ್ಲ. ಅಣ್ಣ ಆಗ ವಿಪರೀತ ಕುಡಿಯುತ್ತಿದ್ದ. ಗದ್ದೆಯ ಬದುವಿನ ಮೇಲೆ ಬಿದ್ದಿದ್ದವನನ್ನು ಅವ್ವ, ಅತ್ತಿಗೆ ಇಬ್ಬರೂ ಸೇರಿ ಹೊತ್ತು ತಂದ ರಾತ್ರಿಗಳಿದ್ದವು. ಮಾರನೇ ವರ್ಷ ಶಿವರಾತ್ರಿಗೆ ಬಿಟ್ಟ, ಮತ್ತೆ ಮುಟ್ಟಲಿಲ್ಲ. ಬಿಟ್ಟಿದ್ದು ತನ್ನ ಹಟದಿಂದ ಅಂತ ಹೇಳಿಕೊಂಡು ತಿರುಗುತ್ತಿದ್ದ, ಅದು ಸುಳ್ಳೂ ಅಲ್ಲ. ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಹಿತ್ತಿಲಿಗೆ ಹೋದವನು ಅರ್ಧ ಗಂಟೆ ಬರಲಿಲ್ಲ. ಬಂದಮೇಲೆ, "ಮುತ್ತತ್ತಿಗೆ ನಾನೊಬ್ನೇ ಹೋಯ್ತೀನಿ, ಯಾರೂ ಬರ್ಬ್ಯಾಡಿ" ಅಂದ.

ಬಿಲ್ವದ ಗಂಟಿನ ಹಾಳೆ ನನ್ನ ಕೈಯಲ್ಲಿತ್ತು. 2018, ಜುಲೈ 17, ಮಂಗಳವಾರ.

ಆ ವಾರ ನನಗೆ ಎದೆಯಲ್ಲಿ ಗಂಟು ಸಿಕ್ಕಿತ್ತು. ಸ್ನಾನ ಮಾಡುವಾಗ ಕೈಗೆ ತಗುಲಿದ್ದು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಗಿ, ಸೂಜಿ ಹಾಕಿ ತೆಗೆದು ಪರೀಕ್ಷೆಗೆ ಕಳಿಸಿದ್ದು ಆ ಮಂಗಳವಾರ. ರಿಪೋರ್ಟ್ ಬರೋಕೆ ಆರು ದಿನ. ನಾನು, ನಮ್ಮ ಮನೆಯವರು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅವ್ವನಿಗಂತೂ ಹೇಳಲೇಬಾರದು ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ಆ ಆರೂ ದಿನ ಏಳು ಗಂಟೆಗೆ ಫೋನ್ ಬಂತು. ಊಟ ಆಯ್ತಾ, ಮಳೆ ಬಂತಾ, ಫೋನು ಮಗೀಗೆ ಕೊಡು. ನಾನು ಎಷ್ಟು ಚೆನ್ನಾಗಿ ನಾಟಕ ಮಾಡ್ತಿದೀನಿ ಅಂತ ನನಗೇ ಮೆಚ್ಚುಗೆ ಇತ್ತು. ಕೊನೆಗೆ ಏನೂ ಇಲ್ಲ, ಬರೀ ಕೊಬ್ಬಿನ ಗಂಟು ಅಂತ ಗೊತ್ತಾಯಿತು. ಅಲ್ಲಿಗೆ ಮುಗಿಯಿತು, ಮರೆತೂ ಹೋಯಿತು.

ಹಾಳೆಯನ್ನು ಮಗಳಿಗೆ ತೋರಿಸಿದೆ. ಈಗ ಹದಿನೆಂಟರ ಹತ್ತಿರ, ಆಗ ಹನ್ನೊಂದು. ನೋಡಿದ ತಕ್ಷಣ ಗೊತ್ತಾಯಿತು ಅವಳಿಗೆ.

"ನಾನೇ ಹೇಳಿದ್ದು ಅಜ್ಜಿಗೆ. ನೀನು ಬಾತ್‌ರೂಮಲ್ಲಿ ಅಳ್ತಾ ಇದ್ಯಲ್ಲ, ಕೇಳಿಸ್ತು."

"ಮತ್ತೆ ಅವ್ವ ನನಗೆ ಒಂದು ಮಾತೂ ಕೇಳಲಿಲ್ವಲ್ಲೇ?"

"ಗೊತ್ತಿಲ್ದೋರ ಥರ ಇರೋಣ, ನಿಮ್ಮಮ್ಮಂಗೆ ಬೇಜಾರಾಗುತ್ತೆ ಅಂದ್ರು. ದಿನಾ ನನ್ನ ಹತ್ರ ಕೇಳ್ಕೊಳೋರು, ಊಟ ಮಾಡಿದ್ಲಾ, ಇವತ್ತು ಅತ್ಲಾ ಅಂತ."

ಆ ಆರು ದಿನ ನಾನು ಅವ್ವನ ಮುಂದೆ ನಾಟಕ ಆಡುತ್ತಿದ್ದೆ. ಅವ್ವ ನನ್ನ ಮುಂದೆ ಆಡುತ್ತಿದ್ದಳು. ಮಧ್ಯದಲ್ಲಿ ಹನ್ನೊಂದು ವರ್ಷದ ಹುಡುಗಿ ಇಬ್ಬರನ್ನೂ ನೋಡಿಕೊಂಡಿದ್ದಳು.

ತೀರಿಸೋಕೆ ಹೊರಟೆವು. ಮನೆದೇವರು ಮೊದಲು ಅನ್ನೋ ನಿಯಮದಂತೆ ಎಲ್ಲರೂ ಒಟ್ಟಿಗೇ ಚುಂಚನಗಿರಿಗೆ ಹೋಗಿಬಂದೆವು. ನಿಮಿಷಾಂಬನಿಗೆ ಅಣ್ಣನ ಮಗಳು ಗಂಡನ ಜೊತೆ ಹೋದಳು. ಮಾದಪ್ಪನ ಬೆಟ್ಟಕ್ಕೆ, ನರಸಿಂಹನ ಬೆಟ್ಟಕ್ಕೆ ಅಣ್ಣನ ಮಗ. ಹಸುವಿನ ಹರಕೆ ತೀರಿಸೋಕೆ ಮೆಟ್ಟಿಲು ಹತ್ತಿದ ಇಂಜಿನಿಯರ್ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಅಂತ ಬೇರೆ ಹೇಳಿಕೊಂಡ. ತಮ್ಮ ತಿರುಪತಿಗೆ ಮುನ್ನೂರು ರೂಪಾಯಿ ದರ್ಶನದ ಟಿಕೆಟ್ ತೆಗೆದು, ಹೆಂಡತಿ ಮಕ್ಕಳ ಸಮೇತ ಕಾರಲ್ಲಿ ಹೋಗಿ, ಇದ್ದಷ್ಟು ಕೂದಲನ್ನು ಕೊಟ್ಟುಬಂದ. ಹನ್ನೊಂದೂಕಾಲು ರೂಪಾಯಿ ಸಾಲಕ್ಕೆ ಹದಿನೈದು ಸಾವಿರ ಖರ್ಚಾಯ್ತು ಅಂತ ಫೋನ್ ಮಾಡಿದ. ಇಪ್ಪತ್ತೈದು ವರ್ಷದ ಬಡ್ಡಿ ಕಣೋ ಅಂದೆ. ಅಣ್ಣ ಮುತ್ತತ್ತಿಗೆ ಹೋಗಿಬಂದ ವಿಷಯ ಅತ್ತಿಗೆಯಿಂದ ತಿಳಿಯಿತು. ಏನಾಯ್ತು ಅಂತ ಅವನು ಇವತ್ತಿಗೂ ಹೇಳಿಲ್ಲ, ನಾವೂ ಕೇಳಿಲ್ಲ.

ನಂಜನಗೂಡಿಗೆ ನಾನು, ಮಗಳು ಸೋಮವಾರ ಬೆಳಿಗ್ಗೆ ಚಾಮರಾಜನಗರದ ರೈಲಿನಲ್ಲಿ ಹೋದೆವು. ಟಿಪ್ಪುವಿನ ಆನೆಗೆ ಕಣ್ಣು ಬರಿಸಿದ, ಅದಕ್ಕೇ ಅವನು ಹಕೀಮ್ ನಂಜುಂಡ ಅಂತ ಕರೆದ ಅನ್ನೋ ಕಥೆಯನ್ನು ಅವ್ವ ಪ್ರತಿ ಸಲವೂ ಹೊಸದಾಗಿ ಹೇಳುತ್ತಿದ್ದಳು. ಮೈಯಲ್ಲಿ ಏನೇ ಆದರೂ ಅವಳಿಗೆ ನಂಜುಂಡನೇ ಡಾಕ್ಟರ್. ಕಪಿಲೆಯಲ್ಲಿ ಕಾಲು ತೊಳೆದು, ದೊಡ್ಡ ಗೋಪುರದ ಕೆಳಗೆ ಒಳಗೆ ಹೋಗಿ, ಸಾಲಲ್ಲಿ ನಿಂತು, ಹುಂಡಿಯ ಮುಂದೆ ಬಂದಾಗ ಕೈ ಬರಲಿಲ್ಲ. ಅವ್ವನ ಬೆರಳು ಹಾಕಿದ ಗಂಟು. ಚಿಕ್ಕವ್ವ ಬಿಚ್ಚಿ ಮತ್ತೆ ಕಟ್ಟಿದ್ದರೂ ಬಟ್ಟೆಯ ಮಡಿಕೆ ಹಳೆಯದೇ. ಹಿಂದಿನವರು ತಳ್ಳುತ್ತಿದ್ದರು. "ಅಮ್ಮ, ಹಾಕು" ಅಂತ ಮಗಳು ಮೊಣಕೈ ಹಿಡಿದಳು. ಹಾಕಿದೆ. ಅಷ್ಟು ಹಗುರದ ಗಂಟು ಬಿದ್ದದ್ದು ಕೇಳಿಸಲೂ ಇಲ್ಲ.

ಚಾಮುಂಡಿದು ಅಷ್ಟು ಸಲೀಸಾಗಿರಲಿಲ್ಲ.

ಆ ಗಂಟಿನ ಹಾಳೆ 2021ರ ಮೇ 12ರದು. ನಮ್ಮ ಮನೆಯವರು ಕೋವಿಡ್‌ನಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದ ದಿನ. ಹರಕೆ ಏನು ಅಂತ ಅವ್ವ ಚಿಕ್ಕವ್ವನಿಗೆ ಹೇಳಿಟ್ಟಿದ್ದಳು. ಮುಡಿಪು ಹಾಕೋದು ಮಾತ್ರ ಅಲ್ಲ, ಪಾದದಿಂದ ಬೆಟ್ಟದ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತಬೇಕು. ಮಂಡಿ ನೋವಿನಿಂದ ಬಸ್ಸೇ ಹತ್ತಲಾರದ ಅವ್ವ ಬೆಟ್ಟ ಹೇಗೆ ಹತ್ತೋಳು ಅಂತ ಕೇಳಿದೆ. ಚಿಕ್ಕವ್ವ ನಕ್ಕಳು. "ಅವ್ಳು ಹತ್ತೀನಿ ಅಂತ ಎಲ್ಲಿ ಅಂದ್ಲು? ನನ್ ಮಗಳ ಕೈಲಿ ಹತ್ತಿಸ್ತೀನಿ ಅಂದವ್ಳೆ."

ನನ್ನ ಕೇಳದೆ ನನ್ನ ಸೊಂಟವನ್ನು ದೇವಿಗೆ ಅಡ ಇಟ್ಟಿದ್ದಳು. ಗಂಡ ನನ್ನವರು, ಬೇಡ ಅನ್ನೋ ಹಾಗೂ ಇರಲಿಲ್ಲ.

ಜನವರಿಯ ಚಳಿ. ಐದೂವರೆಗೆ ಪಾದದ ಹತ್ತಿರ ಗಾಡಿ ನಿಲ್ಲಿಸಿ, ಕಾಲು ಕೆಜಿ ಅರಿಶಿನ, ಕಾಲು ಕೆಜಿ ಕುಂಕುಮ ಎರಡು ಸ್ಟೀಲ್ ಬಟ್ಟಲಿಗೆ ಸುರಿದುಕೊಂಡು ಶುರು ಮಾಡಿದೆ. ಇದಕ್ಕೆ ಒಂದು ಕ್ರಮ ಇದೆ, ಗೊತ್ತಿರಲಿಲ್ಲ. ಮೊದಲ ಐವತ್ತು ಮೆಟ್ಟಿಲು ಬಗ್ಗಿ ಹಚ್ಚಿ, ನೆಟ್ಟಗಾಗಿ, ಹತ್ತಿ, ಮತ್ತೆ ಬಗ್ಗಿದೆ. ಸೊಂಟ ಹಿಡಿದುಕೊಂಡಿತು. ಪಕ್ಕದಲ್ಲೇ ಹಚ್ಚಿಕೊಂಡು ಬರುತ್ತಿದ್ದ ಒಬ್ಬ ಹೆಂಗಸು ನೋಡಲಾರದೆ ಹೇಳಿಕೊಟ್ಟರು. "ನೆಟ್ಗೆ ನಿಲ್ಬೇಡಿ ಅಕ್ಕ. ಬಗ್ಗಿದ್ದಂಗೇ ಹೋಗಿ. ಒಂದು ಮೆಟ್ಲಲ್ಲಿ ನಿಂತು ಮುಂದಿನ ಮೂರು ಮೆಟ್ಲಿಗೆ ಹಚ್ಬುಡಿ, ಆಮೇಲೆ ಮೂರು ಹತ್ತಿ. ಗೋಡೆ ಪಕ್ಕದಲ್ಲೇ ಹಚ್ಚಿ, ಮಧ್ಯೆ ಹಚ್ಚಿದ್ರೆ ಓಡ್ಕೊಂಡು ಹತ್ತೋ ಹುಡುಗ್ರು ತುಳೀತಾರೆ." ಹಾಗೆ ಮಾಡಿದ ಮೇಲೆ ಸಲೀಸಾಯಿತು. ಹೆಬ್ಬೆರಳಲ್ಲಿ ಅರಿಶಿನ, ಉಂಗುರ ಬೆರಳಲ್ಲಿ ಕುಂಕುಮ. ಕಲ್ಲು ಐಸಿನ ಹಾಗೆ ತಣ್ಣಗೆ. ಮೇಲಕ್ಕೆ ಹೋದ ಹಾಗೆ ಬೇರೆಯವರು ಹಚ್ಚಿಹೋದ ಕುಂಕುಮದ ಮೇಲೇ ನಾನೂ ಹಚ್ಚುತ್ತಿದ್ದೆ. ಎಷ್ಟು ಮನೆಯ ಎಷ್ಟು ಕಾಯಿಲೆಗಳೋ.

ಮೆಟ್ಟಿಲು ಸಾವಿರದೆಂಟು ಅಂತಾರೆ. ನಾನು ನಾನೂರಕ್ಕೆ ಎಣಿಸೋದನ್ನು ಬಿಟ್ಟೆ. ದೊಡ್ಡ ದೇವರಾಜ ಒಡೆಯರು ಹದಿನೇಳನೇ ಶತಮಾನದಲ್ಲಿ ಈ ಮೆಟ್ಟಿಲು ಕಟ್ಟಿಸಿದರು ಅಂತ ಶಾಲೆಯಲ್ಲಿ ಓದಿದ್ದೆ. ಅವತ್ತು ಅವರ ಮೇಲೆ ಸ್ವಲ್ಪ ಕೋಪ ಬಂತು. ಒಂದು ಕೋತಿ ಬಾಳೆಹಣ್ಣಿನ ಚೀಲ ಕಿತ್ತುಕೊಂಡು ಹೋಯಿತು. ನಂದಿ ಇನ್ನೂ ಮೇಲಿದೆ ಅನ್ನುವಾಗಲೇ ಕುಂಕುಮ ಖಾಲಿ. ಎಲ್ಲಾ ಮೆಟ್ಟಿಲಿಗೂ ಸಾಲುತ್ತೆ ಅಂತ ಅಂದಾಜು ಮಾಡಿದವಳು ನಾನು, ಅಡಿಗೆಗೆ ಉಪ್ಪು ಹಾಕುವ ಹಾಗೆ ಧಾರಾಳವಾಗಿ ಹಚ್ಚಿದವಳೂ ನಾನೇ. ಅದೇ ಹೆಂಗಸು ತನ್ನ ಬಟ್ಟಲಿಂದ ಅರ್ಧ ನನಗೆ ಸುರಿದರು. ಯಾರಿಗೋಸ್ಕರ ಅಂತ ಅವರು ಕೇಳಲಿಲ್ಲ. ನಾನೂ ಕೇಳಲಿಲ್ಲ. ನಂದಿಯ ಹತ್ತಿರ ಇಬ್ಬರೂ ಕೂತು ಕಾಫಿ ಕುಡಿದೆವು, ಲೋಟದ ಮೇಲೆಲ್ಲ ಕೆಂಪು ಬೆರಳಚ್ಚು.

ಮೇಲೆ ತಲುಪಿದಾಗ ಒಂಬತ್ತೂ ಕಾಲು. ನಮ್ಮ ಮನೆಯವರು ಕಾರಲ್ಲಿ ಆರಾಮಾಗಿ ರಸ್ತೆ ಮೇಲೆ ಬಂದು ಕಾಯುತ್ತಿದ್ದರು. ನನ್ನ ಕೈ ನೋಡಿ, "ಅತ್ತೆ ನನಗೆ ಒಂದೂಕಾಲು ರೂಪಾಯಿ ಬೆಲೆ ಕಟ್ಟಿದ್ರಲ್ಲ" ಅಂದರು. ನಗಿಸೋಕೆ ಹೇಳಿದ್ದು. ಹೇಳಿದವರೇ ಕಣ್ಣು ಒರೆಸಿಕೊಂಡರು. ಅವ್ವನಿಗೂ ಅವರಿಗೂ ಮದುವೆಯಾದಾಗಿನಿಂದ ಅಷ್ಟಕ್ಕಷ್ಟೇ. ಸೈಟು ಕೊಳ್ಳೋ ವಿಷಯಕ್ಕೆ ಒಮ್ಮೆ ಎರಡು ವರ್ಷ ಮಾತೇ ಬಿಟ್ಟಿದ್ದರು. ಗರ್ಭಗುಡಿಯ ಮುಂದೆ ಮುಡಿಪನ್ನು ಅವರ ಕೈಗೇ ಕೊಟ್ಟೆ. ಅವರು ಹಾಕಿದರು. ನನ್ನ ಉಗುರಿನ ಸಂದಿನ ಅರಿಶಿನ ಹೋಗೋಕೆ ಒಂದು ವಾರ ಹಿಡಿಯಿತು.

ಎಂಟು ಮುಗಿಯಿತು. ಒಂಬತ್ತನೆಯದರಲ್ಲಿ ಒಂದೂಕಾಲು ರೂಪಾಯಿ ಬಿಟ್ಟರೆ ಏನೂ ಇರಲಿಲ್ಲ. ಎಲೆ ಇಲ್ಲ, ಕ್ಯಾಲೆಂಡರ್ ಹಾಳೆ ಇಲ್ಲ. ಚಿಕ್ಕವ್ವ ತಿರುವಿ ಮುರುವಿ ನೋಡಿ, ಮೂಸಿ ಕೂಡ ನೋಡಿದಳು. ರೂಪಾಯಿ ಬಿಲ್ಲೆಯ ಮೇಲೆ 2022 ಅಂತ ಇದೆ, ಹಾಗಾಗಿ ಕಟ್ಟಿದ್ದು ಕೊನೆಯ ಒಂದೆರಡು ವರ್ಷದಲ್ಲಿ. ಅಷ್ಟೇ ಸಿಕ್ಕಿದ್ದು. ಅರಿಶಿನದ ಬಣ್ಣ ಇನ್ನೂ ಗಾಢವಾಗಿತ್ತು.

ಮೇಲುಕೋಟೆಯ ಚೆಲುವನಾರಾಯಣನದೇ ಇರಬೇಕು ಅಂತ ನಾನು ಊಹಿಸಿದೆ. ಕಾರಣ ಇದೆ. ವೈರಮುಡಿ ಉತ್ಸವಕ್ಕೆ ಕಿರೀಟವನ್ನು ಮಂಡ್ಯದ ಖಜಾನೆಯಿಂದ ತೆಗೆದು, ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಒಯ್ಯುವುದು ನಮ್ಮೂರ ಮೇಲೇ. ದಾರಿಯ ಊರೂರಲ್ಲಿ ನಿಲ್ಲಿಸಿ ಪೂಜೆ ಮಾಡುತ್ತಾರೆ. ದೇವರ ತಲೆಗೆ ಇಡೋ ಮೊದಲು ಅದನ್ನು ಬಿಡಿಗಣ್ಣಲ್ಲಿ ನೋಡಬಾರದು ಅಂತ ನಂಬಿಕೆ, ಪೆಟ್ಟಿಗೆಗೇ ಪೂಜೆ. ಅವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ. ಬೇರೆ ದೇವರ ಹತ್ತಿರ ನಾವು ಹೋಗಬೇಕು, ಇವನು ಮನೆ ಬಾಗಿಲಿಗೇ ಬಂದು ವಸೂಲಿ ಮಾಡ್ಕೊಂಡು ಹೋಗ್ತಾನೆ ಅನ್ನೋಳು. ಅದಕ್ಕೇ ಅವನ ಹಳೆಯ ಸಾಲ ಯಾವುದೂ ಉಳಿದಿರಲಿಲ್ಲ. ಗುರುತೂ ಬೇಕಾಗಿರಲಿಲ್ಲ.

ಈ ಸಲ ವೈರಮುಡಿಯ ದಿನ ನಾವು ಮೂವರೂ ಊರಲ್ಲಿದ್ದೆವು. ರಸ್ತೆಗೆ ನೀರು ಹಾಕಿ, ಅತ್ತಿಗೆ ದೊಡ್ಡ ರಂಗೋಲಿ ಬಿಟ್ಟಿದ್ದಳು, ಅವ್ವ ಬಿಡುತ್ತಿದ್ದ ಜಾಗದಲ್ಲೇ. ತಮಟೆ ಶುರುವಾಯಿತು. ಮೊದಲು ಪೊಲೀಸ್ ಜೀಪು, ಹಿಂದೆ ಹೂವಿನಲ್ಲಿ ಮುಳುಗಿದ ಗಾಡಿ. ಹೆಂಗಸರೆಲ್ಲ ಆರತಿ ತಟ್ಟೆ ಹಿಡಿದು ಮುಂದೆ ಹೋದರು. ನಾನು ತಟ್ಟೆಯಲ್ಲಿ ಆ ಗಂಟನ್ನೂ ಇಟ್ಟುಕೊಂಡಿದ್ದೆ. ನನ್ನ ಸರದಿ ಬರುವಷ್ಟರಲ್ಲಿ ಚಿಕ್ಕವ್ವ ಕೈ ಚಾಚಿ ಗಂಟನ್ನು ಎತ್ತಿಕೊಂಡುಬಿಟ್ಟಳು.

"ಯಾಕವ್ವ?"

"ಎಲ್ಲಾ ಆದ್ಮೇಲೆ ತಾನೇ ತೀರ್ಸೋದು? ಇದು ಇನ್ನೂ ಆಗಿಲ್ವೇನೋ. ಆಗದೆ ಇರೋ ಹರ್ಕೆ ಹೆಂಗೆ ಒಪ್ಪಿಸ್ತೀಯ?"

ಗಾಡಿ ಮುಂದೆ ಹೋಯಿತು. ತಮಟೆ ಸದ್ದು ಮುಂದಿನ ಊರ ಕಡೆಗೆ ತಿರುಗಿತು. ರಸ್ತೆಯ ಮೇಲೆ ನಾವು ಮೂವರು, ನಮ್ಮ ಮಕ್ಕಳು, ಒಬ್ಬರ ಮುಖ ಒಬ್ಬರು ನೋಡಿದೆವು. ಯಾರದು ಇನ್ನೂ ಆಗಬೇಕಿರೋದು? ತಮ್ಮ ಯಾಕೋ ತಲೆ ತಗ್ಗಿಸಿದ. ಅಣ್ಣನ ಮಗ ಫೋನ್ ಜೇಬಿಗಿಟ್ಟ. ನನ್ನ ಮಗಳು ಏನೋ ಹೇಳೋಕೆ ಬಾಯಿ ತೆರೆದು, ನನ್ನನ್ನು ನೋಡಿ, ಸುಮ್ಮನಾದಳು.

ಚಿಕ್ಕವ್ವ ಗಂಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ಹೋದಳು. ಡಬ್ಬದ ಮುಚ್ಚಳ ಹಾಕುವ ಸದ್ದು ಬೀದಿಗೆ ಕೇಳಿಸಿತು.